ಗಾದಿಲಿಂಗಪ್ಪನ ಬಿಸಿಲು ಪರೀಕ್ಷೆ

ಕುರುಗೋಡಿನ ಗಾದಿಲಿಂಗಪ್ಪನ ಕೈಗೆ ಒಂದೇ ವಸ್ತು ಕೊಟ್ಟರೆ ಅವನಷ್ಟು ಸುಖಿ ಬೇರೊಬ್ಬನಿಲ್ಲ. ಎರಡು ಕೊಟ್ಟು ಒಂದನ್ನು ಆರಿಸಿಕೋ ಎಂದರೆ ಮಾತ್ರ ಅವನಿಗೆ ಜ್ವರ ಬರುತ್ತದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಬಳ್ಳಾರಿಗೆ ಹೋಗುವ ಎರಡು ಬಸ್ಸು ಒಟ್ಟಿಗೆ ನಿಂತಿದ್ದವಂತೆ. ಯಾವುದು ಮೊದಲು ಹೊರಡುತ್ತದೋ ಎಂದು ಇವನು ಯೋಚಿಸುತ್ತ ನಿಂತಿರುವಾಗ ಎರಡೂ ಹೊರಟುಹೋದವಂತೆ. ಈ ಕಥೆಯನ್ನು ಅವನ ಹೆಂಡತಿ ಚನ್ನವೀರಮ್ಮ ಬಂದ ನೆಂಟರಿಗೆಲ್ಲ ಚಹದ ಜೊತೆ ಬಡಿಸುತ್ತಾಳೆ. ಅವನೂ ಕೇಳಿ ನಗುತ್ತಾನೆ, ಯಾಕೆಂದರೆ ಅದು ಸುಳ್ಳಲ್ಲ.

ಇಂಥವನು ಮದುವೆ ವಿಡಿಯೋ ತೆಗೆಯುವ ಕಸುಬಿನಲ್ಲಿ ಇಷ್ಟು ವರ್ಷ ಉಳಿದದ್ದು ಅವನ ಹತ್ತಿರ ಒಂದೇ ಕ್ಯಾಮೆರಾ ಇದ್ದದ್ದರಿಂದ. ಈ ಯುಗಾದಿ ಕಳೆದ ಮೇಲೆ ರೂಪನಗುಡಿಯ ಮದುವೆಯೊಂದರಲ್ಲಿ ಅದಕ್ಕೂ ಗಂಡಾಂತರ ಬಂತು. ವರನ ಅತ್ತಿಗೆಯರು ತಂಬಿಗೆಗಟ್ಟಲೆ ಎರಚಿದ ಅರಿಶಿನದ ನೀರು ವರನನ್ನು ಬಿಟ್ಟು ಕ್ಯಾಮೆರಾದ ಮೇಲೆ ಬಿತ್ತು. ಕ್ಯಾಮೆರಾ ಮುತ್ತೈದೆಯಾಗಿ ಸತ್ತಿತು.

ಹೊಸದು ಕೊಳ್ಳಲೇಬೇಕಾಯಿತು. ಅದೂ ಬೇಗ, ಯಾಕೆಂದರೆ ಸಿರುಗುಪ್ಪದ ಅಕ್ಕಿ ಗಿರಣಿಯ ತಿಪ್ಪೇಸ್ವಾಮಿಯವರ ಎರಡನೆಯ ಮಗಳು ನೇತ್ರಾಳ ಮದುವೆ ಹತ್ತಿರ ಬಂದಿತ್ತು. ಗಂಡು ಗಾದಿಲಿಂಗಪ್ಪನ ಓಣಿಯವನೇ, ಮೆಣಸಿನಕಾಯಿ ವ್ಯಾಪಾರದ ದೊಡ್ಡಬಸವರಾಜನ ಮಗ. ಮದುವೆ ಗಿರಣಿಯ ಅಂಗಳದಲ್ಲಿ, ಭತ್ತ ಒಣಗಿಸುವ ಬಯಲಿನಲ್ಲಿ, ನಡು ಮಧ್ಯಾಹ್ನದ ಮುಹೂರ್ತ. ಒಪ್ಪಂದ ಮಾತಾಡಲು ಹೋದಾಗ ತಿಪ್ಪೇಸ್ವಾಮಿ ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಮಂಜಮ್ಮ ಶರತ್ತು ಹಾಕಿದಳು.

"ನಮ್ಮ ದೊಡ್ಡಾಕಿ ರಶ್ಮಿ ಮದಿವ್ಯಾಗ ಏನಾತು ಗೊತ್ತೈತೇನಪ್ಪಾ? ಹುಡುಗಿನ್ನ ಮುಂದ ಓದಸ್ತೀವಿ ಅಂತ ಬೀಗರು ಹಂದರದಾಗ, ಮಂದಿ ಮುಂದ, ಬಾಯಿ ತುಂಬ ಹೇಳಿದ್ರು. ಅದೇ ಹೊತ್ತಿಗೆ ಬಿಸ್ಲಿಗೆ ಕ್ಯಾಮೆರಾ ಕಾದು ಬಂದ್ ಬಿದ್ದಿತ್ತು. ಈಗ ಕೇಳಿದ್ರ, ನಾವ್ಯಾವಾಗ ಅಂದಿದ್ವಿ, ವಿಡಿಯೋದಾಗ ತೋರಸ್ರಿ ಅಂತಾರ! ತಾಳಿ ಕಟ್ಟಿದ್ದೂ ಅದರಾಗಿಲ್ಲ. ಪುಣ್ಯಾಕ ಮದಿವಿನೇ ಆಗಿಲ್ಲ ಅನ್ನಲಿಲ್ಲ."

"ಹಂಗಾಗಂಗಿಲ್ಲ ಬಿಡ್ರಿ ಅವ್ವಾ" ಎಂದ ಗಾದಿಲಿಂಗಪ್ಪ.

"ಆಗಬಾರ್ದು. ನೇತ್ರಾಂದು ಸಿರುಗುಪ್ಪದ ಲ್ಯಾಬಿನಾಗ ಕೆಲಸ ಐತಿ. ಮದಿವಿ ಆದ ಮ್ಯಾಲೂ ಕುರುಗೋಡಿನಿಂದ ಬಸ್ಸಿಗೆ ಹೋಗಿ ಬಂದು ಮಾಡ್ಲಿ ಅಂತ ನಿಮ್ಮ ಓಣಿ ಬೀಗರು ಅಂದಾರ. ಅದನ್ನ ಹಂದರದಾಗ ಮತ್ತೊಮ್ಮೆ ಹೇಳಸ್ತೀನಿ. ಆವಾಗೇನಾರ ನಿನ್ನ ಕ್ಯಾಮೆರಾ ಕಣ್ಣು ಮುಚ್ತು, ನೀನು ಈ ಸಿರುಗುಪ್ಪ ಕಡಿ ಮತ್ತ ಮುಖ ಹಾಕಂಗಿಲ್ಲ ನೋಡು."

ಸಿರುಗುಪ್ಪದ ಕಡೆ ಮುಖ ಹಾಕದಿದ್ದರೆ ಗಾದಿಲಿಂಗಪ್ಪ ಮುಖವನ್ನು ಎಲ್ಲಿ ಹಾಕಬೇಕು? ವರ್ಷದ ಮದುವೆಗಳಲ್ಲಿ ಮುಕ್ಕಾಲು ಪಾಲು ಅವನಿಗೆ ಆ ಗಿರಣಿಗಳ ಓಣಿಯಿಂದಲೇ ಬರುತ್ತಿದ್ದವು.

ಮರುದಿನವೇ ಬಳ್ಳಾರಿಗೆ ಹೋದ. ಎರಡು ಬಸ್ಸಿನ ತೊಂದರೆಯಾಗದಂತೆ ಚನ್ನವೀರಮ್ಮ ತಾನೇ ಬಂದು ಹತ್ತಿಸಿ ಹೋದಳು. ರಾಯಲ್ ಸರ್ಕಲ್ಲಿನ ಹಿಂದಿನ ಸಂದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಶೇಖರ್ ಅವನ ಹಳೆಯ ಪರಿಚಯ. ಗಾಜಿನ ಮೇಜಿನ ಮೇಲೆ ಲೆನ್ಸ್ ಸಮೇತ ಎರಡು ಹೊಸ ಕ್ಯಾಮೆರಾ ತಂದಿಟ್ಟ. ಒಂದು ದೊಡ್ಡದು, ಒಂದು ಸಣ್ಣದು.

"ಸಣ್ಣದು ನೋಡಣ್ಣಾ, ಕೈ ನಡುಗಿದ್ರೂ ವಿಡಿಯೋ ನಡುಗಂಗಿಲ್ಲ. ಕತ್ತಲ್ದಾಗೂ ಹಗಲು ಕಂಡಂಗ ಕಾಣ್ತೈತಿ. ದೊಡ್ಡದರಾಗ ಅಷ್ಟಿಲ್ಲ, ಆದ್ರ ಒಳಗ ಒಂದು ಸಣ್ಣ ಫ್ಯಾನ್ ಐತಿ, ಕಾಯಂಗಿಲ್ಲ."

"ಹಂಗಾದ್ರ ಸಣ್ಣದು ಕಾಯ್ತೈತೇನು?"

"ಕಂಪನಿಯವರು ಕಾಯಂಗಿಲ್ಲ ಅಂತಾರ."

"ಕಂಪನಿಯವರು ಬಳ್ಳಾರಿ ಬಿಸ್ಲು ನೋಡ್ಯಾರೇನು?"

ಗಾದಿಲಿಂಗಪ್ಪ ದೊಡ್ಡದನ್ನು ಎತ್ತಿದ, ಇಟ್ಟ. ಸಣ್ಣದನ್ನು ಎತ್ತಿದ, ಇಟ್ಟ. ಹೊರಗೆ ಹೋಗಿ ಚಹಾ ಕುಡಿದು ಬಂದು ಮತ್ತೆ ಎರಡನ್ನೂ ಎತ್ತಿ ಇಟ್ಟ. ಬೇರೆ ಗಿರಾಕಿಗಳು ಬಂದು, ಕೊಂಡು, ಬಿಲ್ಲು ಮಾಡಿಸಿಕೊಂಡು ಹೋದರು. ಕೊನೆಗೆ ಅಂಗಡಿಯ ಶಟರ್ ಎಳೆಯುವ ಹೊತ್ತಾದಾಗ ಶೇಖರ್ ಕೈಮುಗಿದು, "ಅಣ್ಣಾ, ಎರಡೂ ಒಯ್ಯಿ. ಪರೀಕ್ಷಾ ಮಾಡಿ ಒಂದು ಇಟ್ಕ, ಒಂದು ವಾಪಸ್ ತಂದು ಕೊಡು" ಎಂದ. ನಂಬಿಕೆಗಿಂತ ಹೆಚ್ಚಾಗಿ ಅದು ಹಸಿವಿನ ಮಾತಾಗಿತ್ತು.

ಪರೀಕ್ಷೆ ಎಂಬ ಮಾತು ಗಾದಿಲಿಂಗಪ್ಪನ ತಲೆಗೆ ಹತ್ತಿತು. ರಾತ್ರಿಯಿಡೀ ಯೋಚಿಸಿ ಅವನು ಕಂಡುಹಿಡಿದ ವಿಧಾನವನ್ನು ದೊಡ್ಡ ವಿಜ್ಞಾನಿಗಳೂ ಕೇಳಿ ತಿಳಿದುಕೊಳ್ಳಬೇಕು. ಓಣಿಯ ಮೂಡಲ ಸಾಲಿನ ಮೇಲ್ತುದಿಯಲ್ಲಿ, ದೊಡ್ಡಬಸವರಾಜನ ಮನೆಯ ಮುಂದೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ. ಪಡುವಲ ಸಾಲಿನ ಕೆಳತುದಿಯಲ್ಲಿ, ಜೋಗಮ್ಮನ ಮಿರ್ಚಿ ಅಂಗಡಿಯ ಮುಂದೆ, ಇನ್ನೊಂದು ಸ್ಟ್ಯಾಂಡಿನ ಮೇಲೆ ಸಣ್ಣದು. ಎರಡರ ಮುಖವೂ ಎದುರುಬದುರು. ಯಾವುದು ಮೊದಲು ಬಂದ್ ಬೀಳುತ್ತದೋ ಅದಕ್ಕೆ ಇನ್ನೊಂದು ಸಾಕ್ಷಿ! ಫೋಕಸ್ ಎಲ್ಲಿ ತಪ್ಪುತ್ತದೆಂದು ತಿಳಿಯಲು ನಡುವೆ ಟೇಪು ಹಿಡಿದು ಅಳೆದು, ಅಲ್ಲಲ್ಲಿ ಸುಣ್ಣದ ಗೀಟು ಎಳೆದ. ತಲೆಗೆ ಟೊಪ್ಪಿಗೆ, ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು, ನೆತ್ತಿಯ ಮೇಲೆ ಸೂರ್ಯ ಬಂದೊಡನೆ ಎರಡೂ ಬಟನ್ ಒತ್ತಿ, ಗೀಟಿನಿಂದ ಗೀಟಿಗೆ ಗಂಭೀರವಾಗಿ ನಡೆದಾಡತೊಡಗಿದ.

ಈಗ ಓದುಗರು ಒಂದು ವಿಷಯ ತಿಳಿದಿರಬೇಕು. ನಮ್ಮ ಸೀಮೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಟೇಪು, ಸುಣ್ಣದ ಗೀಟು ಒಂದೇ ಕಡೆ ಕಂಡರೆ ಯಾರೂ ಏನೆಂದು ಕೇಳುವುದಿಲ್ಲ. ಕಾಲುವೆಗೋ ರೈಲಿಗೋ ಗಣಿ ಲಾರಿಗಳ ರಸ್ತೆಗೋ ನೆಲ ಹೋಯಿತೆಂದೇ ಲೆಕ್ಕ. ಸರ್ವೆ ಬಂದಾಗ ಏನು ಮಾಡಬೇಕೆಂಬುದಕ್ಕೂ ಒಂದು ಸಂಪ್ರದಾಯವಿದೆ. ಹೊಲವಾದರೆ ಎಲ್ಲಿಂದಾದರೂ ತಂದು ಸಸಿ ಊರಬೇಕು, ಪರಿಹಾರದಲ್ಲಿ ಗಿಡಕ್ಕೂ ಬೆಲೆಯುಂಟು. ಓಣಿಯಾದರೆ ರಸ್ತೆಗೆ ಚಾಚಿದ ಜಗಲಿಯನ್ನು ತಾನೇ ಒಡೆದು ಸಾಧುವಾಗಬೇಕು. ಅದೂ ಸಾಲದೆಂದು ಕಂಡರೆ ದೇವರ ಮೊರೆ ಹೋಗಬೇಕು, ಪೂಜೆಗಲ್ಲ, ಪ್ರತಿಷ್ಠಾಪನೆಗೆ.

ಮೊದಲು ಕಂಡವಳು ಜೋಗಮ್ಮ. ಅವಳ ಒಲೆ ಮೊದಲಿನಿಂದಲೂ ಅರ್ಧ ಅಂಗಡಿಯಲ್ಲಿ, ಅರ್ಧ ಸರಕಾರದ ರಸ್ತೆಯಲ್ಲಿ. ಗೀಟು ಒಲೆಯ ಬುಡದಲ್ಲೇ ಹಾದುಹೋದದ್ದನ್ನು ನೋಡಿ ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಗಾದಿಲಿಂಗಪ್ಪ ವಿಡಿಯೋದವನೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಈಗೆಲ್ಲ ಸರಕಾರ ಸರ್ವೆಯನ್ನೂ ವಿಡಿಯೋ ಮಾಡಿಸುತ್ತದೆಂದು ಅವಳು ಕೇಳಿದ್ದಳು. ಓಣಿಯ ಹುಡುಗನೇ ಓಣಿಗೆ ಗೀಟು ಹಾಕಲು ಒಪ್ಪಿದನಲ್ಲ ಎಂದು ಹೊಟ್ಟೆ ಉರಿಯಿತು. ಉರಿದರೂ ನಕ್ಕಳು. ಬಿಸಿ ಮಿರ್ಚಿ, ಒಗ್ಗರಣಿ ಮಂಡಕ್ಕಿ ತಟ್ಟೆಗೆ ಹಾಕಿ ತಂದಳು.

"ತಗೋ ನನ್ನಪ್ಪ. ಬಿಸ್ಲಾಗ ಎಷ್ಟು ದುಡೀತಿ. ಸ್ವಲ್ಪ ನಮ್ಮ ಕಡಿನೂ ನಿಗಾ ಇರ್ಲಿ."

ಗಾದಿಲಿಂಗಪ್ಪನ ಎದೆ ಉಬ್ಬಿತು. ಹಳೆಯ ಕ್ಯಾಮೆರಾ ಇದ್ದಷ್ಟು ದಿನ ಇದೇ ಜೋಗಮ್ಮ ಕಾಸು ಎಣಿಸಿಕೊಳ್ಳದೆ ಒಂದು ಮಿರ್ಚಿ ಕೊಟ್ಟವಳಲ್ಲ. ಹೊಸ ಕ್ಯಾಮೆರಾದ ಮರ್ಯಾದೆಯೇ ಬೇರೆ ಎಂದುಕೊಂಡ. ಮೈಕು ಚಾಲೂ ಇದ್ದದ್ದರಿಂದ ಮಾತಾಡದೆ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ನಕ್ಕು, ತಿಂದ. ಗುಟ್ಟಿನ ಸರ್ವೆ ಎಂದು ಜೋಗಮ್ಮನಿಗೆ ಖಾತ್ರಿಯಾಯಿತು.

ಅಲ್ಲಿಂದ ಸುದ್ದಿ ಬಾಗಿಲಿನಿಂದ ಬಾಗಿಲಿಗೆ ಓಡಿತು. ಒಂದು ಮನೆಯಿಂದ ಮಜ್ಜಿಗೆ ಬಂತು, ಇನ್ನೊಂದರಿಂದ ನಿಂಬೆಹಣ್ಣಿನ ಪಾನಕ. ಎಂದೂ ಮಾತಾಡಿಸದ ಷಡ್ಡಕ ಬಂದು ಹೆಗಲ ಮೇಲೆ ಕೈಯಿಟ್ಟ. ದೊಡ್ಡಬಸವರಾಜ ಖುದ್ದು ಕೊಡೆ ಹಿಡಿದುಕೊಂಡು ಬಂದು ಗಾದಿಲಿಂಗಪ್ಪನ ತಲೆಗೆ ನೆರಳು ಮಾಡಿ ಕಿವಿಯಲ್ಲಿ ಕೇಳಿದ.

"ತಮ್ಮಾ, ಯಾವ ಕಡಿದು ಉಳಿತೈತಿ?"

"ಇನ್ನೂ ಗೊತ್ತಿಲ್ರಿ ಕಾಕಾ. ಬಿಸ್ಲು ಏರ್ಲಿ. ಒಂದು ಉಳಿತೈತಿ, ಒಂದು ಹೋಗ್ತೈತಿ."

"ನಿನ್ನ ಮನಸಿನಾಗ ಯಾವುದೈತಿ?"

"ನಿಮ್ಮ ಕಡಿದೇ ಉಳಿಬೇಕಂತ ಮನಸ್ಸೈತಿ. ಆದ್ರ ಪರೀಕ್ಷಾ ಮುಗೀಲಾರ್ದ ಹೆಂಗ ಹೇಳ್ಲಿ?"

ಪರೀಕ್ಷೆಯ ಮೇಲೆ ವಿಶ್ವಾಸವಿಟ್ಟು ಕೂರುವ ಜಾತಿಯ ಮನುಷ್ಯನಲ್ಲ ದೊಡ್ಡಬಸವರಾಜ. ಹಿತ್ತಿಲಿನಿಂದ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿಕೊಂಡು ಬಂದು ಜಗಲಿಯ ಮುಂದೆ, ದೊಡ್ಡ ಕ್ಯಾಮೆರಾದ ಕಣ್ಣೆದುರಿಗೇ ನೆಟ್ಟ. ಅರಿಶಿನ ಬಳಿದ, ಕುಂಕುಮ ಹಚ್ಚಿದ, ಬೇವಿನ ಸೊಪ್ಪು ಸಿಗಿಸಿದ, ಒಂದು ಹಸಿರು ಕುಬುಸದ ಕಣ ಉಡಿಸಿ ತೆಂಗಿನಕಾಯಿ ಒಡೆದೂಬಿಟ್ಟ. "ಸುಂಕಲಮ್ಮ ತಾಯಿ ನಮ್ಮಜ್ಜನ ಕಾಲದಿಂದ ಇಲ್ಲೇ ಅದಾಳ!" ಎಂದು ಓಣಿಗೆ ಕೇಳುವಂತೆ ಹೇಳಿ ಗಂಟೆ ಬಾರಿಸಿದ. ಬೆಳಿಗ್ಗೆ ಅದೇ ಕಲ್ಲಿನ ಮೇಲೆ ಅವನ ಧೋತರ ಒಗೆದದ್ದನ್ನು ಕಂಡವರು ಕೂಡ ಸುಮ್ಮನೆ ಕೈಮುಗಿದರು. ಯಾಕೆಂದರೆ ಅವರೂ ಅವರವರ ಮನೆಯ ಕಲ್ಲು ಹುಡುಕುವ ಅವಸರದಲ್ಲಿದ್ದರು. ಹುಡುಕಿಯೂ ಸಿಗದವರು ಹಾರೆ ತಂದು ಜಗಲಿ ಒಡೆಯತೊಡಗಿದರು.

ಇಷ್ಟರಲ್ಲಿ ಊರ ಕಚೇರಿಯ ಇಂಜಿನಿಯರ್ ಪಂಪಾವತಿ ಸಾಹೇಬರಿಗೆ ಊಟದ ತಟ್ಟೆಯ ಮುಂದೆ ಸುದ್ದಿ ತಲುಪಿತು. ತಮ್ಮ ಊರಿನಲ್ಲಿ ತಮಗೆ ಗೊತ್ತಿಲ್ಲದೆ ಸರ್ವೆ! ಅಂದರೆ ಮೇಲಿನವರು ತಮ್ಮನ್ನು ಬಿಟ್ಟು ಮಾಡಿಸುತ್ತಿದ್ದಾರೆ, ಅಂದರೆ ತಮ್ಮ ಮೇಲೆ ಏನೋ ದೂರು ಹೋಗಿದೆ. ಮೊಸರನ್ನ ಬಿಟ್ಟು ಓಡಿ ಬಂದರು. ಆದರೆ ಗೊತ್ತಿಲ್ಲವೆಂದು ಒಪ್ಪಿಕೊಂಡರೆ ಅಧಿಕಾರ ಯಾತರದು? ಸೊಂಟಕ್ಕೆ ಕೈ ಕೊಟ್ಟು ದೊಡ್ಡ ಕ್ಯಾಮೆರಾದ ಪಕ್ಕದಲ್ಲೇ ನಿಂತರು.

"ಸಾಹೇಬ್ರ, ಇದು ರಸ್ತಾ ಅಗಲ ಮಾಡೋ ಸರ್ವೆ ಅಲ್ಲೇನ್ರಿ?" ಎಂದು ಜನ ಕೇಳಿದರು.

"ಮತ್ತೇನು? ನಾನೇ ಹಚ್ಚೀನಿ. ಎಲ್ಲ ನನ್ನ ನಿಗಾದಾಗೇ ನಡದೈತಿ" ಎಂದರು ಸಾಹೇಬರು. ಆಮೇಲೆ ಗಾದಿಲಿಂಗಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ಯಾರು ಕಳಿಸ್ಯಾರಪ್ಪಾ?"

"ಬಳ್ಳಾರಿಯಿಂದ ಶೇಖರ್ ಅವರ್ರಿ. ಪರೀಕ್ಷಾ ಮಾಡಿ ಬೇಗ ಹೇಳು ಅಂದಾರ್ರಿ."

ಬಳ್ಳಾರಿಯ ಯಾವ ಕಚೇರಿಯ ಯಾವ ಕುರ್ಚಿಯಲ್ಲಿ ಶೇಖರ್ ಎಂಬವರು ಕೂತಿರಬಹುದೆಂದು ಸಾಹೇಬರು ಎಷ್ಟು ನೆನೆದರೂ ಹೊಳೆಯಲಿಲ್ಲ. ಹೊಳೆಯದಷ್ಟು ದೊಡ್ಡವರೇ ಇರಬೇಕು. "ಶೇಖರ್ ಸಾಹೇಬ್ರಿಗೆ ನನ್ನ ನಮಸ್ಕಾರ ಹೇಳು" ಎಂದು ಅಂಗಿಯ ಗುಂಡಿ ಹಾಕಿಕೊಂಡರು. ತಾವೂ ಟೇಪಿನ ಒಂದು ತುದಿ ಹಿಡಿದರು. ಇಂಜಿನಿಯರೇ ಬಂದು ಟೇಪು ಹಿಡಿದರಲ್ಲ ಎಂದು ಗಾದಿಲಿಂಗಪ್ಪನ ಕಣ್ಣಲ್ಲಿ ನೀರು ಬಂತು.

ಬಿಸಿಲು ಏರಿತು. ಬಿದ್ದ ಕಾಳು ಅರಳಾಗುವಂಥ ಬಿಸಿಲು. ಗಾದಿಲಿಂಗಪ್ಪ ಮೇಲಿನ ಗೀಟಿನ ಹತ್ತಿರ ಇದ್ದಾಗ, ಕೆಳಗಿನ ಕ್ಯಾಮೆರಾದ ಕೆಂಪು ದೀಪ ಮಿಣಮಿಣ ಎಂದು ಆರಿಹೋಯಿತು. ಓಡಿ ಹೋಗಿ ಮುಟ್ಟಿದ. ಕಾದ ಹಂಚು! ಜೀವಮಾನದಲ್ಲಿ ಮೊದಲ ಸಲ ಎರಡರಲ್ಲಿ ಒಂದು ತಾನಾಗಿಯೇ ತೀರ್ಮಾನವಾಗಿತ್ತು. ಆನಂದ ತಡೆಯಲಾಗಲಿಲ್ಲ. ಎರಡೂ ಕೈ ಎತ್ತಿ ಕುಣಿದ.

"ಹೋತು! ಜೋಗಮ್ಮನ ಕಡಿದು ಹೋತು! ಮೂಡಲ ಕಡಿದು ಉಳೀತು!"

ಪಡುವಲ ಸಾಲಿನಿಂದ ಒಂದು ಆರ್ತನಾದ ಎದ್ದಿತು. ಮೂಡಲ ಸಾಲಿನವರು ಸುಂಕಲಮ್ಮನಿಗೆ ಜೈ ಎಂದರು. ಜೋಗಮ್ಮ ಎಣ್ಣೆ ಸೋರುವ ಜಾಲರಿ ಸೌಟು ಹಿಡಿದು ನುಗ್ಗಿ ಬಂದಳು.

"ನನ್ನ ಮಿರ್ಚಿ ತಿಂದು ನನ್ನ ಒಲಿಗೇ ಗೀಟು ಹಾಕ್ದೇನಲೇ ಭಾಡ್ಯಾ! ಕುಣೀತೀ? ಗಂಡಿಲ್ಲದ ಹೆಣ್ಮಗಳ ಅಂಗಡಿ ಕೆಡವಿ ಕುಣೀತೀ? ಅಯ್ಯೋ ದೇವುಡಾ!"

"ಅವ್ವಾ, ಅಂಗಡಿ ಯಾಕ ಕೆಡವ್ಲಿ? ಕ್ಯಾಮೆರಾ ಬಂದ್ ಬಿತ್ತು ಅಂದೆ!"

"ಅಂಗಡಿ ಹೋಗಂಗಿಲ್ಲ?"

"ಯಾಕ ಹೋಗ್ತೈತಿ? ಯಾವ ಕ್ಯಾಮೆರಾ ತಗೋಬೇಕು ಅಂತ ನೋಡಾಕತ್ತಿದ್ದೆ. ಸಿರುಗುಪ್ಪದ ಮದಿವಿಗೆ!"

ಹಾರೆ ಎತ್ತಿದವರ ಹಾರೆ ಎತ್ತಿದಲ್ಲೇ ನಿಂತಿತು. ಮೂರು ತಲೆಮಾರಿನ ಜಗಲಿಗಳು ಆಗಲೇ ಮಣ್ಣಾಗಿದ್ದವು. ಎಲ್ಲರೂ ಪಂಪಾವತಿ ಸಾಹೇಬರ ಕಡೆ ತಿರುಗಿದರು.

"ಸಾಹೇಬ್ರ, ನಾನೇ ಹಚ್ಚೀನಿ ಅಂದ್ರಲ್ರಿ?"

"ನಾನೆಲ್ಲಿ ಅಂದೆ?" ಎಂದರು ಸಾಹೇಬರು, ಟೇಪು ಕೈಬಿಟ್ಟು.

"ಅಂದ್ರಿ ಸಾಹೇಬ್ರ" ಎಂದ ಗಾದಿಲಿಂಗಪ್ಪ, ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿಲ್ಲದೆ. "ದೊಡ್ಡ ಕ್ಯಾಮೆರಾದ ಪಕ್ಕದಾಗೇ ನಿಂತು ಅಂದ್ರಿ. ಅದು ಬಂದ್ ಆಗೇ ಇಲ್ಲ. ಎಲ್ಲಾ ಐತಿ, ಆವಾಜ್ ಸಮೇತ."

ಎಲ್ಲಾ ಎಂಬ ಮಾತಿನ ತೂಕ ಓಣಿಯವರಿಗೆ ನಿಧಾನವಾಗಿ ಇಳಿಯಿತು. ಕಲ್ಲು ಉರುಳಿಸಿದ್ದು, ಕುಬುಸದ ಕಣ ಉಡಿಸಿದ್ದು, ಬೇಲಿ ಸರಿಸಿದ್ದು, ಇನ್ನೊಬ್ಬರ ಜಗಲಿಯತ್ತ ಬೆರಳು ಮಾಡಿ ಅಲ್ಲಿ ಗೀಟು ಹಾಕು ಎಂದದ್ದು. ಆಮೇಲೆ ಇಡೀ ಓಣಿಗೆ ಒಮ್ಮೆಲೇ ಸಣ್ಣ ಕ್ಯಾಮೆರಾದ ಮೇಲೆ ಪ್ರೀತಿ ಉಕ್ಕಿತು.

"ತಮ್ಮಾ, ಸಣ್ಣದೇ ತಗೋ. ಒಳ್ಳೇ ಮನೆತನದ ಕ್ಯಾಮೆರಾ" ಎಂದ ಷಡ್ಡಕ.

"ಹೌದಪ್ಪಾ" ಎಂದರು ಪಂಪಾವತಿ ಸಾಹೇಬರು. "ಊರಾಗ ಬಾಳಬೇಕಂದ್ರ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಾಕ ಬರ್ಬೇಕು. ನನ್ನ ಸರ್ವಿಸ್ಸಿನಾಗ ನಾನು ಕಲ್ತದ್ದು ಅಷ್ಟೇ. ದೊಡ್ಡದನ್ನ ವಾಪಸ್ ಮಾಡು, ಒಳಗಿರೂದೆಲ್ಲಾ ಒರಸಿ."

ಜೋಗಮ್ಮ ಕೂಡ ಸೌಟು ಇಳಿಸಿ, ಸಣ್ಣ ಕ್ಯಾಮೆರಾದ ಮೇಲೆ ಸೆರಗಿನ ನೆರಳು ಮಾಡಿ, "ಪಾಪ, ಬಿಸ್ಲು ತಡಿಲಿಲ್ಲ ಕೂಸು" ಎಂದಳು. ದೊಡ್ಡಬಸವರಾಜ ಮಾತ್ರ ಗಾದಿಲಿಂಗಪ್ಪನ ರಟ್ಟೆ ಹಿಡಿದುಕೊಂಡಿದ್ದ. ಅವನ ಕಣ್ಣು ಓಣಿಯ ತಿರುವಿನ ಮೇಲಿತ್ತು. ಅಲ್ಲಿ ತಿಪ್ಪೇಸ್ವಾಮಿ, ಮಂಜಮ್ಮ ಕೂತಿದ್ದ ಬಿಳಿ ಕಾರು ಒಳಬರುತ್ತಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಬಂದು ಫಲಿತಾಂಶ ನೋಡಿರೆಂದು ಗಾದಿಲಿಂಗಪ್ಪನೇ ಅವರಿಗೆ ಫೋನು ಮಾಡಿದ್ದ.

ವಿಡಿಯೋ ತೋರಿಸಲು ಎಲ್ಲರನ್ನೂ ತನ್ನ ಸ್ಟುಡಿಯೋಗೆ ಕರೆದೊಯ್ದ ಗಾದಿಲಿಂಗಪ್ಪನಿಗೆ ದೊಡ್ಡಬಸವರಾಜ ಬಾಗಿಲಲ್ಲೇ ಕೈಮುಗಿದ. "ತಮ್ಮಾ, ಬೀಗರ ಮುಂದ ನನ್ನ ಮಾನ ನಿನ್ನ ಕೈಯಾಗೈತಿ. ಸಣ್ಣದರದ್ದು ಹಾಕು."

ಹಾಕಿದ. ಗಾದಿಲಿಂಗಪ್ಪನಿಗೂ ಓಣಿಯಲ್ಲೇ ಬಾಳಬೇಕಲ್ಲ. ಪರದೆಯ ಮೇಲೆ ಚಂದವಾದ ಓಣಿ, ದೂರದಲ್ಲಿ ಇರುವೆಗಳಂತೆ ಜನ, ಆಮೇಲೆ ಇದ್ದಕ್ಕಿದ್ದಂತೆ ಕತ್ತಲು. ಮಂಜಮ್ಮನ ಮುಖವೂ ಕಪ್ಪಾಯಿತು.

"ಇದೇ ಅಲ್ಲೇನು ನಮ್ಮ ರಶ್ಮಿ ಬಾಳಿಗೆ ಕತ್ತಲಿ ಹಾಕಿದ್ದು? ಇನ್ನೊಂದು ಎಲ್ಲೈತಿ, ತೋರ್ಸು."

ಗಾದಿಲಿಂಗಪ್ಪ ದೊಡ್ಡಬಸವರಾಜನ ಮುಖ ನೋಡಿದ, ಮಂಜಮ್ಮನ ಮುಖ ನೋಡಿದ. ಮತ್ತೆ ಎರಡು! ಆದರೆ ಮಂಜಮ್ಮನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ. ದೊಡ್ಡದರ ಮೆಮರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ತಲೆ ತಗ್ಗಿಸಿ ಕೂತ.

ಪರದೆಯ ಮೇಲೆ ಬೀಗರು ಪ್ರತ್ಯಕ್ಷರಾದರು. ಕಲ್ಲು ಉರುಳಿ ಬಂತು, ಸುಂಕಲಮ್ಮ ಉದ್ಭವಿಸಿದಳು, ಗಂಟೆ ಮೊಳಗಿತು. ಸಾಹೇಬರು ನಾನೇ ಹಚ್ಚೀನಿ ಎಂದರು. ದೊಡ್ಡಬಸವರಾಜ ಧೋತರದ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಮೊದಲು ನಕ್ಕವರು ತಿಪ್ಪೇಸ್ವಾಮಿ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಗರ, ನಮ್ಮ ಗಿರಣಿ ಗೇಟಿನ ಮುಂದ ನಿಂತಾಳಲ್ಲ ತಾಯಿ, ಆಕಿನೂ ಹಿಂಗೇ ಬಂದಾಕಿ! ರಸ್ತಾದವ್ರು ಬಂದಾಗ ನಾನೇ ಎಬ್ಬಿಸಿದ್ದೆ. ನಿಮ್ಮಾಕಿಗೆ ಅಕ್ಕ ಆಗ್ಬೇಕು! ಸಂಬಂಧ ಸರಿಯಾಗೇ ಕೂಡೇತಿ ಬಿಡ್ರಿ."

ದೊಡ್ಡಬಸವರಾಜನಿಗೆ ಹೋದ ಜೀವ ಬಂತು. ಅವನೂ ನಕ್ಕ. ಇಬ್ಬರು ಬೀಗರೂ ಕೈಕೈ ತಟ್ಟಿಕೊಂಡು, ಯಾವ ಕಲ್ಲಿಗೆ ಎಷ್ಟು ಅರಿಶಿನ ಬೇಕೆಂಬುದರ ಬಗ್ಗೆ ಅನುಭವ ಹಂಚಿಕೊಂಡರು. ನಗು ಇಳಿದ ಮೇಲೆ ತಿಪ್ಪೇಸ್ವಾಮಿಯ ಕಣ್ಣು ಮೂಲೆಯ ಕಡೆ ಹೋಯಿತು. ಅಲ್ಲಿ ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ಇತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು.

"ತಮ್ಮಾ... ಅದು ಬಂದ್ ಐತಿಲ್ಲ?"

"ಇಲ್ರಿ ಧಣಿ. ಅಷ್ಟು ಬಿಸ್ಲು ಉಂಡ ಮ್ಯಾಲೆ ಸಂಜೀತನ ನಡೀತೈತೋ ಇಲ್ಲೋ ನೋಡಾಣ ಅಂತ, ಬ್ಯಾರೆ ಕಾರ್ಡ್ ಹಾಕಿ ಚಾಲೂ ಇಟ್ಟೀನಿ."

ತಿಪ್ಪೇಸ್ವಾಮಿಯವರು ಮತ್ತು ದೊಡ್ಡಬಸವರಾಜ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೇ ಸಲಕ್ಕೆ ಅಂದರು: "ಸಣ್ಣದೇ ಇರ್ಲಿ ತಮ್ಮಾ!"

"ಯಾರೂ ಅದನ್ನ ಮುಟ್ಟಬ್ಯಾಡ್ರಿ!" ಎಂದಳು ಮಂಜಮ್ಮ. ಎದ್ದು ಸೆರಗು ಸರಿಮಾಡಿಕೊಂಡು, ದೊಡ್ಡಬಸವರಾಜನ ಕುರ್ಚಿಯನ್ನು ಅವನ ಸಮೇತ ಕ್ಯಾಮೆರಾದ ಎದುರಿಗೆ ಎಳೆದಳು. "ಬೀಗರ, ಹಂದರದಾಗ ಹೇಳೂದು ಹಂದರಕ್ಕಿರ್ಲಿ. ಈಗೊಮ್ಮೆ ಹೇಳ್ರಿ. ನಮ್ಮ ನೇತ್ರಾ ಮದಿವಿ ಆದ ಮ್ಯಾಲೆ ಕೆಲಸಕ್ಕ ಹೋಗ್ತಾಳೋ ಇಲ್ಲೋ?"

ದೊಡ್ಡಬಸವರಾಜ ಬಾಗಿಲು ನೋಡಿದ. ಬಾಗಿಲ ತುಂಬ ಓಣಿಯೇ ನಿಂತಿತ್ತು. "ಅದು ಹೆಂಗಂದ್ರ ಬೀಗತಿ... ಮನ್ಯಾಗ ಕೆಲಸ ಇದ್ದಾಗ... ದಿನಾ ಬಸ್ಸು..."

"ಹೋಗ್ತಾಳೋ, ಇಲ್ಲೋ?"

"ಹೋಗ್ತಾಳ."

"ಪೂರಾ ಹೇಳ್ರಿ. ಹೆಸರು ಹಿಡಿದು. ಆ ಕೆಂಪು ದೀಪ ನೋಡಿ."

ದೊಡ್ಡಬಸವರಾಜ ಎದ್ದು ನಿಂತ, ಯಾಕೆ ನಿಂತನೋ ಅವನಿಗೂ ತಿಳಿಯದು. ಎರಡೂ ಕೈ ತೊಡೆಗೆ ಹಚ್ಚಿ, ಶಾಲೆಯ ಹುಡುಗರು ಪದ್ಯ ಒಪ್ಪಿಸುವ ಧ್ವನಿಯಲ್ಲಿ ಅಂದ: "ನಮ್ಮ ಸೊಸಿ ನೇತ್ರಾ ಮದಿವಿ ಆದ ಮ್ಯಾಲೂ ಸಿರುಗುಪ್ಪದ ಲ್ಯಾಬಿಗೆ ಕೆಲಸಕ್ಕ ಹೋಗ್ತಾಳ. ದಿನಾ ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ. ಸುಂಕಲಮ್ಮನ ಆಣಿ."

"ಯಾವ ಸುಂಕಲಮ್ಮ?" ಎಂದಳು ಬಾಗಿಲಲ್ಲಿ ನಿಂತಿದ್ದ ಜೋಗಮ್ಮ.

"ಖರೇ ಸುಂಕಲಮ್ಮನ ಆಣಿ" ಎಂದು ತಿದ್ದಿಕೊಂಡ ದೊಡ್ಡಬಸವರಾಜ.

ಮಂಜಮ್ಮ ಗಾದಿಲಿಂಗಪ್ಪನ ಕಡೆ ತಿರುಗಿದಳು. ಅವನು ಕ್ಯಾಮೆರಾದ ಹಿಂದೆ ಬಗ್ಗಿ, ಪರದೆಯಲ್ಲಿ ಬೀಗರ ಬೆವರಿದ ಮೂಗು, ನಡುಗುವ ಮೀಸೆ, ಮೀಸೆಯ ಒಂದೊಂದು ಕೂದಲನ್ನೂ ಪರೀಕ್ಷಿಸುತ್ತಿದ್ದ.

"ಬಂತೇನಪ್ಪಾ?"

"ಬಂತ್ರೀ ಅವ್ವಾ. ಫೋಕಸ್ ಪಕ್ಕಾ ಕುಂತೈತಿ."